ಸರ್ವರ ಹೊಣೆಯ ಬ್ಯಾಟರಿ

ಮೂರನೆಯ ಸಲ ಹಿಂಡಿ ಕೊಡವಿದಾಗ ನಮ್ಮನೆಯವರ ಪ್ಯಾಂಟಿನ ಮೂಲಕ ಎದುರುಮನೆಯ ಗೋಡೆ ಕಾಣಿಸಿತು. ಸುಮಾರು ನಲವತ್ತು ತೂತುಗಳಲ್ಲಿ ನಲವತ್ತು ಚೂರಾಗಿ ಕಾಣಿಸಿತು. ಬಕೆಟ್ಟಿಗೆ ಹಾಕುವಾಗ ಗಟ್ಟಿಮುಟ್ಟಾಗಿದ್ದ ಪ್ಯಾಂಟು ನೀರಿನಿಂದ ಮೇಲೆ ಬರುವಷ್ಟರಲ್ಲಿ ಜರಡಿಯಾಗಿತ್ತು. ಬಲ ಮೊಣಕಾಲಿನ ಹತ್ತಿರದ ಒಂದು ತುಂಡು, ನೆನೆದ ಕಾಗದದ ಹಾಗೆ, ನನ್ನ ಬೆರಳಿಗೇ ಅಂಟಿಕೊಂಡು ಬಂತು. ಇಪ್ಪತ್ತಾರು ವರ್ಷದಿಂದ ಈ ಮನೆಯ ಬಟ್ಟೆ ಒಗೆಯುತ್ತಿದ್ದೇನೆ. ಮಸಿ, ಗ್ರೀಸು, ಹಣ್ಣಿನ ಕಲೆ ಯಾವುದನ್ನೂ ಬಿಟ್ಟವಳಲ್ಲ. ಕಲೆಯ ಜೊತೆಗೆ ಬಟ್ಟೆಯೇ ಹೋಗುವುದನ್ನು ಮಾತ್ರ ನೋಡಿರಲಿಲ್ಲ. ಪ್ಯಾಂಟನ್ನು ತಂತಿಯ ಮೇಲೆ ಹರವಿ, ಎರಡು ಕ್ಲಿಪ್ಪು ಹಾಕಿ, ಎರಡು ಹೆಜ್ಜೆ ಹಿಂದೆ ಸರಿದು ನಿಂತೆ. ಬಿಸಿಲು ಅದರೊಳಗಿಂದ ತೂರಿ ನೆಲದ ಮೇಲೆ ಚುಕ್ಕೆಚುಕ್ಕೆಯಾಗಿ ಬಿದ್ದಿತ್ತು. ಹೇಳಬಾರದು, ಚೆನ್ನಾಗಿಯೇ ಇತ್ತು.

ಮೆಟ್ಟಿಲ ಮೇಲೆ ಪೇಪರ್ ಓದುತ್ತಿದ್ದ ಮಾವ ಎದ್ದು ಬಂದು ಕನ್ನಡಕ ಸರಿಮಾಡಿಕೊಂಡರು.

"ಇಲಿ," ಅಂದರು.

"ಇಲಿ ಆಗಿದ್ರೆ ಅಂಚಿಂದ ಶುರು ಮಾಡ್ತಿತ್ತು ಮಾವ. ಇದು ಮಧ್ಯದಲ್ಲಿ ಬಿಡಿಬಿಡಿಯಾಗಿ ಕಡಿದಿದೆ."

"ಹಾಗಾದ್ರೆ ಊಟದ ಯೋಚನೆ ಇಲ್ಲದ ಇಲಿ," ಅಂದು ಪೇಪರಿಗೆ ಹಿಂದಿರುಗಿದರು.

ನಮ್ಮನೆಯವರು ಸಂಜೆ ಬಂದು ಪ್ಯಾಂಟನ್ನು ದೀಪದ ಎದುರು ಹಿಡಿದು ನೋಡಿದರು. ಅವರು ಜನನ ಮರಣ ದಾಖಲೆ ವಿಭಾಗದಲ್ಲಿ ಗುಮಾಸ್ತರು. ಯಾವುದೇ ವಸ್ತು ಇಲ್ಲವಾದರೂ ಅದಕ್ಕೆ ಕಾರಣ ಬರೆಯುವ ಒಂದು ಅಂಕಣ ಇರಲೇಬೇಕು ಎಂದು ನಂಬಿದವರು.

"ಸೋಪು ಬದಲಾಯಿಸಿದೀಯಾ?"

"ಹೊಸದು ತಂದಿದ್ದು ಹೌದು. ಆದ್ರೆ ನನ್ನ ಕೈಗೆ ಏನೂ ಆಗಿಲ್ವಲ್ರೀ."

"ನಿನ್ನ ಕೈ ಲೆಕ್ಕಕ್ಕೆ ಬರಲ್ಲ ಕಣೇ, ಅದಕ್ಕೆ ಎಲ್ಲಾ ಅಭ್ಯಾಸ ಆಗಿದೆ," ಅಂದು ಕೂತು ಸೋಪಿನ ಕಂಪನಿಗೆ ಪತ್ರ ಬರೆದೇಬಿಟ್ಟರು. 'ತಮ್ಮ ಸೋಪಿನ ಶಕ್ತಿಯ ಬಗ್ಗೆ ನಮ್ಮ ಕುಟುಂಬಕ್ಕೆ ಗೌರವವಿದೆ. ಆದರೆ ಕೊಳೆ ಎಲ್ಲಿ ಮುಗಿಯುತ್ತದೆ, ಪ್ಯಾಂಟು ಎಲ್ಲಿ ಶುರುವಾಗುತ್ತದೆ ಎಂಬುದನ್ನು ಅದಕ್ಕೆ ತಿಳಿಸಿ ಕಳುಹಿಸುವುದು ಅಗತ್ಯ.' ಕೊನೆಯಲ್ಲಿ, 'ಅಡಕ: ಪ್ಯಾಂಟು ಒಂದು, ತೂತುಗಳ ಸಹಿತ.'

ವ್ಯಾನಿನ ಕಡೆಗೆ ಯಾರ ಗಮನವೂ ಹೋಗಲಿಲ್ಲ. ಅದರ ವಿಷಯ ಈಗ ಹೇಳಬೇಕು.

ಹೋದ ವರ್ಷ ನಮ್ಮನೆಯವರು ಒಂದು ಹಳೆಯ ಬ್ರೆಡ್ ವ್ಯಾನು ಕೊಂಡುಕೊಂಡರು. ಹದಿನಾಲ್ಕು ತಿಂಗಳು ರಜೆಯ ದಿನಗಳಲ್ಲೆಲ್ಲ ಅದರೊಳಗೆ ಕೂತು ಮೊಳೆ ಹೊಡೆದರು. ಈಗ ಅದರಲ್ಲಿ ಮಡಚುವ ಮಂಚ, ಒಂದು ಒಲೆ, ಒಂದು ಫ್ಯಾನು, ಎರಡು ದೀಪ, ಬಿಸಿಲಲ್ಲಿ ತೆರೆಯದ, ಗಾಳಿಯಲ್ಲಿ ಮುಚ್ಚದ ಒಂದು ಕಿಟಕಿ ಇವೆ. ಎಂಟು ಮನೆಗಳ ನಮ್ಮ ಕಾಂಪೌಂಡಿನ ಅಂಗಳದಲ್ಲಿ ಅದು ನಿಂತಿರುತ್ತದೆ. ಅದಕ್ಕೆ ಎರಡು ಬ್ಯಾಟರಿ. ಒಂದು ಎಂಜಿನ್ನಿಗೆ. ಇನ್ನೊಂದು ಗಾಡಿ ನಿಂತ ಮೇಲೆ ಫ್ಯಾನು, ದೀಪ ನಡೆಸುವುದಕ್ಕೆ. ಅದಕ್ಕೆ ವ್ಯಾನಿನ ಮಾಡಿನ ಮೇಲಿನ ಸೋಲಾರ್ ಪ್ಯಾನೆಲ್ಲಿಂದ ಚಾರ್ಜು. ಮಾರಿದವನು ಅದನ್ನು 'ಆರಾಮದ ಬ್ಯಾಟರಿ' ಅಂದನಂತೆ. ಆ ಮಾತು ನಮ್ಮನೆಯವರ ಎದೆಗೆ ನೇರವಾಗಿ ನಾಟಿತು. ಎಂಜಿನ್ ಬ್ಯಾಟರಿಯನ್ನು ಅವರು ತಿರುಗಿ ನೋಡಿದವರಲ್ಲ. ಅದು ಕರೆದಾಗಲೆಲ್ಲ ಎದ್ದು ದುಡಿಯುತ್ತಿದ್ದದ್ದರಿಂದ ಅದರ ನೆನಪು ಯಾರಿಗೂ ಬರುತ್ತಿರಲಿಲ್ಲ. ಆರಾಮದ ಬ್ಯಾಟರಿಗೆ ಮಾತ್ರ ಮಂಚದ ಕೆಳಗೆ ಪ್ರತ್ಯೇಕ ಗೂಡು, ಹೊರಗಿನಿಂದ ತೆರೆಯುವ ಪುಟ್ಟ ಬಾಗಿಲು, ಬಾಗಿಲಿಗೆ ಒಂದು ಸೂಚನಾಪತ್ರ:

'ಬೇಸಿಗೆಯ ಅವಧಿಯಲ್ಲಿ ಈ ಬ್ಯಾಟರಿಯ ನೀರು ಕಡಿಮೆಯಾಗದಂತೆ ನೋಡಿಕೊಳ್ಳುವುದು ಸರ್ವರ ಹೊಣೆ.'

ಕಚೇರಿಯಲ್ಲಿ ಸರ್ವರ ಹೊಣೆ ಎಂದು ಬರೆದ ಕೆಲಸವನ್ನು ಯಾರೂ ಮುಟ್ಟುವುದಿಲ್ಲ. ಅವರು ಆ ಧೈರ್ಯದ ಮೇಲೆಯೇ ಬರೆದಿದ್ದರು.

ಭಾನುವಾರ ಆ ವ್ಯಾನಿನಲ್ಲಿ ನಾವು ನನ್ನ ಅಕ್ಕನ ಊರಿಗೆ ಹೊರಡುವುದಿತ್ತು. ಅಕ್ಕನನ್ನು ನೋಡಿ ಒಂಬತ್ತು ವರ್ಷವಾಗಿತ್ತು. ಜಗಳವೇನಿಲ್ಲ. ಹೊರಟಾಗಲೆಲ್ಲ ಏನಾದರೂ ಅಡ್ಡ ಬರುತ್ತಿತ್ತು: ಕಚೇರಿಯ ತಪಾಸಣೆ, ಮಾವನ ಕಣ್ಣಿನ ಪೊರೆ, ನಮ್ಮನೆಯವರ ಸೋದರತ್ತೆಯ ಸಾವು, ಎರಡನೆಯ ಸೋದರತ್ತೆಯ ಸಾವು. ವ್ಯಾನು ಬಂದ ಮೇಲೆ, ವ್ಯಾನು ಮುಗಿಯಲಿ ಎಂಬುದು. "ಈ ಭಾನುವಾರ ಖಂಡಿತ ಬರ್ತೀವಿ ಅಕ್ಕ," ಅಂತ ಹೋದ ವಾರ ಫೋನು ಮಾಡಿದ್ದೆ. ಹಿಂದೆಲ್ಲ ಅವಳು ಎಷ್ಟು ಹೊತ್ತಿಗೆ ಬರ್ತೀರಿ, ಹಾಸಿಗೆ ಎಲ್ಲಿ ಹಾಕಲಿ, ಅಂತ ಇಪ್ಪತ್ತು ಪ್ರಶ್ನೆ ಕೇಳುತ್ತಿದ್ದಳು. ಈ ಸಲ, "ಆಯ್ತಮ್ಮ," ಅಂದು, ತನ್ನ ಮನೆಯ ನಲ್ಲಿ ರಿಪೇರಿಯ ವಿಷಯ ಎತ್ತಿದಳು. ಅವಳು ನನ್ನ ಮಾತು ನಂಬುವುದನ್ನು ಬಿಟ್ಟುಬಿಟ್ಟಿದ್ದಳು. ಈ ಭಾನುವಾರವೂ ತಪ್ಪಿದರೆ ಇನ್ನು ಫೋನು ಮಾಡುವ ಮುಖವೂ ನನಗೆ ಉಳಿಯುವುದಿಲ್ಲ ಅಂತ ಗೊತ್ತಿತ್ತು.

ಶುಕ್ರವಾರ ಬೆಳಿಗ್ಗೆ ಕಾಂಪೌಂಡಿನಲ್ಲಿ ಕೊಳೆತ ಮೊಟ್ಟೆಯ ವಾಸನೆ ಎದ್ದಿತು. ಎಂಟು ಗಂಟೆಗೇ ಕಲ್ಲು ಕಾಯುವಂಥ ಬಿಸಿಲು. ವಾಸನೆ ಆ ಬಿಸಿಲಿನ ಜೊತೆ ಮೇಲೇರುತ್ತಿತ್ತು. ನಿವಾಸಿಗಳ ಸಂಘದ ಅಧ್ಯಕ್ಷರು ಮೂಗಿಗೆ ಕರ್ಚೀಫು ಹಿಡಿದು ನಮ್ಮ ಬಾಗಿಲಿಗೆ ಬಂದರು.

"ತಪ್ಪು ತಿಳೀಬೇಡಿ ಅಮ್ಮಾ. ಮನೇಲಿ ಮೊಟ್ಟೆ ಇದೆಯಾ?"

"ನಾಲ್ಕಿದೆ ಸಾರ್. ಚೆನ್ನಾಗೇ ಇವೆ."

"ಒಂದ್ಸಲ ಭೇಟಿ ಮಾಡ್ಬಹುದಾ?"

ತಟ್ಟೆಯಲ್ಲಿ ತಂದುಕೊಟ್ಟೆ. ಒಂದೊಂದನ್ನೂ ಎತ್ತಿ, ಕಿವಿಯ ಹತ್ತಿರ ಅಲುಗಾಡಿಸಿ, ಕರ್ಚೀಫು ಸರಿಸಿ ಮೂಸಿ, ವಾಪಸ್ಸು ಇಟ್ಟರು. "ಇವುಗಳ ಮೇಲೆ ನನಗೆ ಯಾವ ದೂರೂ ಇಲ್ಲ," ಅಂದರು. ಆ ನಾಲ್ಕು ಮೊಟ್ಟೆಗಳನ್ನು ಆಮೇಲೆ ಒಡೆಯುವಾಗ ನನಗೆ ಸ್ವಲ್ಪ ಸಂಕೋಚವೇ ಆಯಿತು.

ಮಧ್ಯಾಹ್ನದ ಹೊತ್ತಿಗೆ ಅಧ್ಯಕ್ಷರು ಒಳಚರಂಡಿ ಇಲಾಖೆಯ ಅಧಿಕಾರಿಯನ್ನು ಕರೆಸಿದರು. ತೆಳ್ಳಗೆ, ಎತ್ತರಕ್ಕೆ, ಕೈಯಲ್ಲಿ ಕಬ್ಬಿಣದ ಕೊಕ್ಕೆ ಹಿಡಿದು ಬಂದ ಮನುಷ್ಯ. ಅಂಗಳದ ಮಧ್ಯದ ಮುಚ್ಚಳ ಎತ್ತಿ, ಮಂಡಿಯೂರಿ, ತಲೆಯನ್ನು ಒಳಗಿಳಿಸಿ ಕಣ್ಣು ಮುಚ್ಚಿದರು. ನಾವೆಲ್ಲ ಸುತ್ತ ನಿಂತು ಉಸಿರು ಬಿಗಿಹಿಡಿದೆವು, ಅವರೊಬ್ಬರೇ ಎಳೆದುಕೊಳ್ಳುತ್ತಿದ್ದರು.

"ಇದು ನಮ್ಮ ವಾಸನೆ ಅಲ್ಲ," ಅಂದರು ಎದ್ದು.

"ಚರಂಡಿ ಅಲ್ದೆ ಇನ್ನೇನಿರತ್ತೆ ಸಾರ್?" ಅಂದರು ಅಧ್ಯಕ್ಷರು.

"ಹತ್ತೊಂಬತ್ತು ವರ್ಷದ ಸರ್ವಿಸ್ ನಂದು. ನಮ್ಮದು ಬೆಳಿಗ್ಗೆ ಒಂದು ಥರ ಇರತ್ತೆ, ಮಧ್ಯಾಹ್ನ ಒಂದು ಥರ. ಇದು ಎರಡೂ ಅಲ್ಲ. ಬೇಕಾದ್ರೆ ಬರೆದು ಕೊಡ್ತೀನಿ." ಅವರಿಗೆ ನಿಜವಾಗಿ ನೋವಾಗಿತ್ತು. ಕೊಕ್ಕೆಯನ್ನು ಊರಿಕೊಂಡು ಗಾಳಿ ಬಂದ ದಿಕ್ಕಿಗೆ ಮೂಗು ತಿರುಗಿಸಿ ನಡೆದರು. ನಾವು ಹಿಂದೆ. ನಮ್ಮ ವ್ಯಾನಿನ ಹಿಂಚಕ್ರದ ಹತ್ತಿರ ನಿಂತು ಕೆಳಗೆ ಬೊಟ್ಟು ಮಾಡಿದರು.

ವ್ಯಾನಿನ ಅಡಿಯಿಂದ ಒಂದು ಒದ್ದೆ ಗೆರೆ ಸಿಮೆಂಟಿನ ಮೇಲೆ ಬೆರಳಗಲಕ್ಕೆ ಹರಿದು ಬರುತ್ತಿತ್ತು. ಅದು ಹೋದಲ್ಲೆಲ್ಲ ನೆಲ ಕುದಿಯುತ್ತಿತ್ತು. ಸಾಸಿವೆಯಷ್ಟು ಸಣ್ಣ ಬಿಳಿಯ ಗುಳ್ಳೆಗಳು ಎದ್ದು, ಒಡೆದು, ಮತ್ತೆ ಏಳುತ್ತಿದ್ದವು. ಕಿವಿಗೊಟ್ಟರೆ ಸುಯ್ ಎಂಬ ಸದ್ದು, ಸಿಮೆಂಟು ತನ್ನಷ್ಟಕ್ಕೆ ಏನೋ ಹೇಳಿಕೊಳ್ಳುತ್ತಿರುವ ಹಾಗೆ. ಒಲೆಯಿಲ್ಲ, ಬೆಂಕಿಯಿಲ್ಲ. ವರ್ಷಗಟ್ಟಲೆ ಗುಡಿಸಿ ತೊಳೆದ ನೆಲ ಒಳಗೆ ಇಂಥದ್ದೊಂದು ಇಟ್ಟುಕೊಂಡಿದೆಯೆಂದು ನನಗೆ ಗೊತ್ತೇ ಇರಲಿಲ್ಲ. ಮಾವ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಅಧ್ಯಕ್ಷರ ಕರ್ಚೀಫು ಮೂಗಿನಿಂದ ಜಾರಿ ಕೈಗೆ ಬಂತು. ಎಂಟು ಮನೆಗಳವರು ಅದನ್ನೇ ನೋಡುತ್ತ ನಿಂತಿದ್ದೆವು.

ಮೊದಲು ಚೇತರಿಸಿಕೊಂಡವರು ಅಧಿಕಾರಿ. "ಇದು ನೆಲದ ಮೇಲಿದೆ," ಅಂದರು. "ನೆಲದ ಕೆಳಗಿದ್ದದ್ದು ಮಾತ್ರ ನಮಗೆ ಸೇರತ್ತೆ." ಮುಚ್ಚಳ ಹಾಕಿ, ಎರಡು ಸಲ ಹಿಂದಿರುಗಿ ನೋಡಿ ಹೊರಟುಹೋದರು.

ನಮ್ಮನೆಯವರನ್ನು ಕಚೇರಿಯಿಂದ ಕರೆಸಿದೆವು. ಅವರು ಗೂಡಿನ ಬಾಗಿಲು ತೆರೆದು ಇಣುಕಿ, ಬಹಳ ಸಮಾಧಾನದಿಂದ ಎದ್ದು ನಿಂತರು.

"ಬೆವರ್ತಿದೆ. ಅಷ್ಟೇ."

"ಬ್ಯಾಟರೀನಾ?" ಅಂದರು ಅಧ್ಯಕ್ಷರು.

"ಯಾಕೆ, ನಲವತ್ತೆರಡು ಡಿಗ್ರೀಲಿ ನೀವು ಬೆವರಲ್ವಾ?"

"ನಾನು ಬೆವರಿದ್ರೆ ಸಿಮೆಂಟು ಕರಗಲ್ಲ ಸಾರ್."

"ನಿಮಗೆ ಹನ್ನೆರಡು ವೋಲ್ಟ್ ಇಲ್ಲ."

ನಮ್ಮನೆಯವರು ಒಂದು ಟವೆಲು ಒದ್ದೆ ಮಾಡಿ, ಜ್ವರ ಬಂದವರ ಹಣೆಗೆ ಹಾಕುವಂತೆ ಬ್ಯಾಟರಿಯ ಮೇಲೆ ಹೊದಿಸಿದರು. ಮನೆಯಿಂದ ಉದ್ದ ವೈರು ಎಳೆದು ಟೇಬಲ್ ಫ್ಯಾನು ಇಟ್ಟರು. ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತರು. ನೋಡಿಹೋಗಲು ಜನ ಬಂದರು, ತಗ್ಗಿದ ದನಿಯಲ್ಲಿ, "ಈಗ ಹೇಗಿದೆ?" ಅಂತ ಕೇಳಿದರು. ಸಂಜೆ ಐದಕ್ಕೆ ಟವೆಲು ತೆಗೆಯಲು ಹೋದರೆ ನಾಲ್ಕು ಅಂಚು ಮಾತ್ರ ಕೈಗೆ ಬಂದವು. ಮಧ್ಯದ ಭಾಗ ಇರಲಿಲ್ಲ. ಅಂಚನ್ನು ಹಿಡಿದುಕೊಂಡು ಅವರು ಒಂದು ಕ್ಷಣ ತಮ್ಮ ಮೊಣಕಾಲು ನೋಡಿಕೊಂಡರು. ಒಳಗೆ ಹೋಗಿ ಸೋಪಿನ ಕಂಪನಿಯ ಪತ್ರವನ್ನು ಹರಿದು ಹಾಕಿದ್ದನ್ನು ನಾನು ನೋಡಿದೆ, ನೋಡಲಿಲ್ಲವೆನ್ನುವಂತೆ ಇದ್ದೆ.

"ಭಾನುವಾರದೊಳಗೆ ಇದು ಕಾಂಪೌಂಡಿನಿಂದ ಆಚೆ ಹೋಗ್ಬೇಕು," ಅಂತ ಅಧ್ಯಕ್ಷರ ಆಜ್ಞೆಯಾಯಿತು.

"ಪ್ರಯಾಣ ಮುಂದಕ್ಕೆ ಹಾಕೋಣ ಕಣೇ," ಅಂದರು ನಮ್ಮನೆಯವರು. "ಮಳೆ ಶುರುವಾಗ್ಲಿ. ತಂಪಾದ್ರೆ ಇದೂ ಸುಧಾರಿಸ್ಕೊಳ್ಳತ್ತೆ."

"ಅಕ್ಕಂಗೆ ಏನು ಹೇಳ್ಲಿ?"

"ಬ್ಯಾಟರಿಗೆ ಹುಷಾರಿಲ್ಲ ಅನ್ನು."

ಎರಡು ಸೋದರತ್ತೆಯರ ನಂತರ ಬ್ಯಾಟರಿ. ಶನಿವಾರ ಬೆಳಿಗ್ಗೆ ಚಪ್ಪಲಿ ಮೆಟ್ಟಿಕೊಂಡು ದೊಡ್ಡ ರಸ್ತೆಯ ಬ್ಯಾಟರಿ ಅಂಗಡಿಗೆ ಹೋದೆ. ಅಂಗಡಿಯ ಒಡೆಯನನ್ನು ಕರೀರಿ ಅಂದೆ. ಕೌಂಟರಿನ ಹಿಂದಿದ್ದಾಕೆ, "ಕರೆದಾಯ್ತು, ಹೇಳಿ," ಅಂದಳು.

ಐವತ್ತರ ಆಸುಪಾಸು. ಕತ್ತಿನಿಂದ ಮೊಣಕಾಲಿನವರೆಗೆ ದಪ್ಪ ರಬ್ಬರಿನ ಏಪ್ರನ್ನು, ಮೊಣಕೈ ಮುಟ್ಟುವ ಕೈಗವಸು, ಹಣೆಯ ಮೇಲೆ ಏರಿಸಿಟ್ಟ ದೊಡ್ಡ ಕನ್ನಡಕ. ಸಲಕರಣೆಯ ಪೆಟ್ಟಿಗೆ, ಒಂದು ಪ್ಲಾಸ್ಟಿಕ್ ತೊಟ್ಟಿ, ಐದು ಕಿಲೋ ಸೋಡಾಪುಡಿಯ ಚೀಲ ಕೈಗಾಡಿಗೆ ಹಾಕಿ, ತಳ್ಳಿಕೊಂಡು ನನ್ನ ಜೊತೆ ಬಂದಳು. ಅಂಗಳಕ್ಕೆ ಕಾಲಿಡುತ್ತಲೇ ನಿಂತು ಕೇಳಿದಳು:

"ಆ ಫ್ಯಾನ್ ಇಟ್ಟಿದ್ದು ಯಾರು?"

"ನಾನು," ಅಂದರು ನಮ್ಮನೆಯವರು, ಪ್ರಶಂಸೆ ನಿರೀಕ್ಷಿಸುತ್ತ.

"ಬ್ಯಾಟರಿ ಉಗುಳೋ ಗಾಳಿಗೆ ಒಂದು ಕಿಡಿ ಸಾಕು ಸಾರ್, ನೀವು, ಸ್ಟೂಲು, ಫ್ಯಾನು ಮೂರೂ ಬೇರೆ ಬೇರೆ ಮನೆಗೆ ಹೋಗಿರ್ತಿದ್ರಿ. ಮನೆ ಒಳಗೆ ಹೋಗಿ ಅಲ್ಲಿಂದ ಆಫ್ ಮಾಡಿ. ಇಲ್ಲಿ ಯಾವ ಸ್ವಿಚ್ಚೂ ಮುಟ್ಬೇಡಿ. ಯಾರೂ ಸಿಗರೇಟು ಹಚ್ಬೇಡಿ. ಎಲ್ರೂ ಗೋಡೆ ಹತ್ರ."

ಯಾರ ಮಾತನ್ನೂ ಕೇಳದ ಎಂಟು ಮನೆಗಳವರು ಗೋಡೆಯ ಹತ್ತಿರ ಸಾಲಾಗಿ ನಿಂತರು. ಅಧ್ಯಕ್ಷರು ಎಲ್ಲರಿಗಿಂತ ನೆಟ್ಟಗೆ ನಿಂತರು.

ಅವಳು ಮೊದಲು ಏಣಿ ಹತ್ತಿ ಮಾಡಿನ ಪ್ಯಾನೆಲ್ಲಿಗೆ ದಪ್ಪ ಚಾದರ ಹೊದಿಸಿದಳು. ವ್ಯಾನಿನ ಬಾಗಿಲುಗಳನ್ನೆಲ್ಲ ತೆರೆದಿಟ್ಟು, ಗಾಳಿ ಆಡಲಿ ಎಂದು ಅರ್ಧ ಗಂಟೆ ಸುಮ್ಮನೆ ನೆರಳಿನಲ್ಲಿ ಕೂತಳು. ಕೈಕಟ್ಟಿ ಕೂರುವುದೂ ಒಂದು ಕೆಲಸವೆಂದು ನನಗೆ ಆಗಲೇ ಗೊತ್ತಾದದ್ದು. ಆಮೇಲೆ ಕನ್ನಡಕ ಇಳಿಸಿ, ವೈರುಗಳನ್ನು ಬಿಚ್ಚಿ, ಒದ್ದೆ ಗೆರೆಯ ಉದ್ದಕ್ಕೂ ಸೋಡಾಪುಡಿ ಸುರಿದಳು. ನೆಲ ಬುಸ್ಸೆಂದು ಒಮ್ಮೆಲೇ ನೊರೆಯೆದ್ದು ಉಕ್ಕಿತು. ಅವಳು ಹಿಂದೆ ಸರಿಯಲಿಲ್ಲ. ನೊರೆ ಕೂತಲ್ಲಿ ಇನ್ನೊಂದು ಹಿಡಿ ಹಾಕಿದಳು, ಅದು ಕೂತ ಮೇಲೆ ಇನ್ನೊಂದು. "ಇನ್ನು ಉಕ್ಕಲ್ಲ ಅಂದ್ರೆ ಅದರ ಸಿಟ್ಟು ಇಳೀತು ಅಂತ," ಅಂದಳು, ನನಗೊಬ್ಬಳಿಗೇ ಹೇಳುವಂತೆ. ಎರಡು ದಿನ ನಮ್ಮನ್ನೆಲ್ಲ ನಿಲ್ಲಿಸಿದ್ದ ಆ ಗೆರೆ ಅವಳ ಕಾಲಬುಡದಲ್ಲಿ ಬಿಳಿ ಕೆಸರಾಗಿ ತಣ್ಣಗೆ ಮಲಗಿತ್ತು. ಗೋಡೆ ಬಿಟ್ಟು ನಾನು ಯಾವಾಗ ಅವಳ ಹತ್ತಿರ ಬಂದು ನಿಂತಿದ್ದೆನೋ ನನಗೇ ತಿಳಿಯಲಿಲ್ಲ.

ಬ್ಯಾಟರಿಯ ಬಿರಡೆ ಬಿಚ್ಚಿ, ಗಾಜಿನ ಕೊಳವೆಯಿಂದ ಸ್ವಲ್ಪ ಎಳೆದು ಬೆಳಕಿಗೆ ಹಿಡಿದಳು. ಹುಬ್ಬು ಗಂಟಾಯಿತು.

"ಇದರಲ್ಲಿ ಆಸಿಡ್ ಹೆಸರಿಗೆ ಮಾತ್ರ ಇದೆ. ಉಳಿದಿದ್ದೆಲ್ಲ ನೀರು. ಗಂಟಲ ತನಕ ತುಂಬಿಸಿದೀರ, ಬಿಸಿಲಿಗೆ ಉಬ್ಬಿ ಆಸಿಡ್ ಎಲ್ಲ ಆಚೆ ಬಂದಿದೆ. ನೀರು ಹಾಕಿದ್ದು ಯಾರು?"

"ನಾನೇ," ಅಂದರು ನಮ್ಮನೆಯವರು. "ದಿನಾ ಸಂಜೆ, ಮಂಡಿಯೂರಿ, ನಿಯಮದ ಪ್ರಕಾರ. ಅಂಗಡಿಯಿಂದ ತಂದ ಬ್ಯಾಟರಿ ನೀರೇ."

"ದಿನಾನಾ? ತಿಂಗಳಿಗೊಂದ್ಸಲ ನೋಡಿದ್ರೆ ಸಾಕು. ಆದ್ರೂ ಒಬ್ರು ಹಾಕಿದ್ರೆ ಇಷ್ಟು ಬರಲ್ಲ. ಇನ್ಯಾರು?"

ಗೋಡೆಯ ಹತ್ತಿರ ಮಾವ ಕೆಮ್ಮಿದರು. "ಬೆಳಿಗ್ಗೆ ವಾಕಿಂಗ್ ಹೋಗೋ ಮುಂಚೆ ಒಂದು ಲೋಟ ನಾನು... ಇವನು ಮರೀತಾನಲ್ಲ ಅಂತ. ಚಿಕ್ಕಂದಿನಿಂದ ಮರೆಗುಳಿ."

"ಯಾವ ನೀರು ತಾತ?"

"ಕಾಯಿಸಿ ಆರಿಸಿದ್ದು. ಡಾಕ್ಟ್ರು ನನಗೆ ಕುಡಿಯೋಕೆ ಹೇಳಿರೋದೇ. ನನ್ನ ಪಾಲಿಂದು ಕೊಟ್ಟಿದೀನಿ."

"ಅಪ್ಪಾ," ಅಂದರು ನಮ್ಮನೆಯವರು.

"ಇನ್ನೂ ಲೆಕ್ಕ ಕೂಡ್ತಿಲ್ಲ," ಅಂದಳು ಬ್ಯಾಟರಿಯಾಕೆ.

ಅಧ್ಯಕ್ಷರು ಆಕಾಶದಲ್ಲಿ ಏನನ್ನೋ ಹುಡುಕುತ್ತಿದ್ದರು. ಎಲ್ಲರೂ ಅವರನ್ನೇ ನೋಡತೊಡಗಿದ ಮೇಲೆ ಗಂಟಲು ಸರಿಮಾಡಿಕೊಂಡರು. "ಒಣಗಿದ ಬ್ಯಾಟರಿ ಸಿಡಿಯತ್ತೆ ಅಂತ ಎಲ್ಲೋ ಓದಿದ್ದೆ. ಕಾಂಪೌಂಡಿನ ಹಿತದೃಷ್ಟಿಯಿಂದ, ಮಧ್ಯಾಹ್ನ ರೌಂಡ್ಸ್ ಬರುವಾಗ, ಒಂದು ಬಾಟ್ಲು... ಫ್ರಿಜ್ಜಿನ ನೀರು. ಬಿಸಿಲಲ್ವಾ, ತಂಪಾಗಿರ್ಲಿ ಅಂತ."

"ನಮ್ಮ ಬ್ಯಾಟರಿಗೆ ನೀರು ಹಾಕೋ ಅಧಿಕಾರ ನಿಮಗ್ಯಾರು ಕೊಟ್ಟಿದ್ದು?"

"ನೀವೇ ಬರೆದು ಅಂಟಿಸಿದೀರಲ್ಲ ಸಾರ್, ಸರ್ವರ ಹೊಣೆ ಅಂತ. ಸರ್ವರಲ್ಲಿ ಅಧ್ಯಕ್ಷ ಬರಲ್ವಾ?"

ಬ್ಯಾಟರಿಯಾಕೆ ಇನ್ನೂ ಕೊಳವೆಯನ್ನು ಹಿಡಿದೇ ಇದ್ದಳು. ಅವಳ ಕಣ್ಣು ನನ್ನ ಮೇಲೆ ನಿಂತಿತು.

ಇಷ್ಟು ಹೊತ್ತು ನಾನು ಹೇಳದೆ ಬಿಟ್ಟ ಒಂದು ಸಂಗತಿಯಿದೆ. ಒಂದು ತಿಂಗಳಿನಿಂದ, ದಿನಾ ಬೆಳಿಗ್ಗೆ ಗಿಡಗಳಿಗೆ ನೀರು ಹಾಕಿದ ಮೇಲೆ, ಕೊನೆಯ ಅರ್ಧ ಚೊಂಬನ್ನು ನಾನು ಆ ಬ್ಯಾಟರಿಗೆ ಹಾಕುತ್ತಿದ್ದೆ. ನೀರಿಲ್ಲದೆ ಬ್ಯಾಟರಿ ಕೆಟ್ಟರೆ ಅದೇ ನೆಪದಲ್ಲಿ ಭಾನುವಾರ ತಪ್ಪಿಹೋಗುತ್ತದೆಂಬ ಭಯ.

"ನಾನೂ," ಅಂದೆ.

ನಮ್ಮನೆಯವರು, ಮಾವ, ಅಧ್ಯಕ್ಷರು ಮೂವರೂ ಒಟ್ಟಿಗೆ ನನ್ನ ಕಡೆ ತಿರುಗಿದರು, ತಾವು ಹಾಕಿದ್ದು ತೀರ್ಥ, ನಾನು ಹಾಕಿದ್ದೇ ವಿಷ ಎನ್ನುವಂತೆ.

"ಮೂವತ್ತು ವರ್ಷದಲ್ಲಿ ನೀರಿಲ್ದೆ ಸತ್ತ ಬ್ಯಾಟರಿ ಸಾವಿರ ನೋಡಿದೀನಿ," ಅಂದಳು ಅವಳು ನಿಧಾನವಾಗಿ. "ಉಪಚಾರಕ್ಕೆ ಸತ್ತಿದ್ದು ಇದೇ ಮೊದಲು." ಉಬ್ಬಿದ ಬ್ಯಾಟರಿಯನ್ನು ಎತ್ತಿ ಪ್ಲಾಸ್ಟಿಕ್ ತೊಟ್ಟಿಗೆ ಇಳಿಸಿದಳು. ಇನ್ನು ಇದನ್ನು ಉಳಿಸುವುದಕ್ಕಾಗುವುದಿಲ್ಲ, ಪ್ಯಾನೆಲ್ಲಿನ ಚಾರ್ಜು ಮಿತಿಮೀರದಂತೆ ತಡೆಯುವ ಡಬ್ಬಿಯೂ ಕೆಟ್ಟಿದೆ, ಅದನ್ನೂ ಬದಲಿಸಬೇಕು ಅಂದಳು.

"ಅಂದ್ರೆ ನಾಳೆ ಹೋಗಕ್ಕಾಗಲ್ಲ," ಅಂದರು ನಮ್ಮನೆಯವರು. ಅವರ ದನಿಯಲ್ಲಿ ದುಃಖವಿತ್ತು. ಅದರ ಅಡಿಯಲ್ಲಿ ಸ್ವಲ್ಪ ನಿರಾಳವೂ ಇತ್ತೆಂದು ನನ್ನಂಥವಳಿಗೆ ಮಾತ್ರ ಗೊತ್ತಾಗುತ್ತಿತ್ತು.

"ಯಾಕಾಗಲ್ಲ? ಎಂಜಿನ್ನಿಂದು ಬೇರೆ ಬ್ಯಾಟರಿ, ಅದು ಗಟ್ಟಿಯಾಗಿದೆ. ಗಾಡಿ ಓಡತ್ತೆ."

"ಫ್ಯಾನಿಲ್ದೆ, ದೀಪ ಇಲ್ದೆ? ಆರಾಮನೇ ಇಲ್ಲ ಅಂದ್ಮೇಲೆ ಯಾಕಮ್ಮಾ ಹೋಗೋದು?"

ಹತ್ತು ನಿಮಿಷದಲ್ಲಿ ಅಂಗಳದಲ್ಲಿ ಮೂರು ಕುರ್ಚಿ ಬಂದವು. ನಿನ್ನೆಯವರೆಗೆ ಶತ್ರುವಾಗಿದ್ದ ಅಧ್ಯಕ್ಷರು, ಮಾವ, ನಮ್ಮನೆಯವರು ಮೂವರೂ ಸೇರಿ ಹೊಸ ಬ್ಯಾಟರಿ ಆಯ್ಕೆ ಸಮಿತಿಯಾದರು. ಯಾವ ಜಾತಿಯದ್ದು, ಎಷ್ಟು ದೊಡ್ಡದು, ಬಿಸಿಲಿಗೆ ಯಾವುದು ತಡೆಯುತ್ತದೆ, ಎಂಬುದನ್ನು ಊರೆಲ್ಲ ವಿಚಾರಿಸಿ ಮಳೆಗಾಲದ ಹೊತ್ತಿಗೆ ವರದಿ ಸಿದ್ಧಪಡಿಸುವುದೆಂದು ತೀರ್ಮಾನವಾಯಿತು.

ಬ್ಯಾಟರಿಯಾಕೆ ನಲ್ಲಿಯ ಹತ್ತಿರ ಕೈಗವಸು ತೊಳೆಯುತ್ತಿದ್ದಳು. ನಾನು ನೀರು ಬಿಟ್ಟೆ.

"ಎಲ್ಲಿಗೆ ಹೊರಟಿದ್ರಿ ಅಮ್ಮಾ?"

ಅಕ್ಕನ ಊರಿನ ಹೆಸರು ಹೇಳಿದೆ.

"ಅಲ್ಲಿಗಾ? ಹಳೇ ಬ್ಯಾಟರಿ ಕರಗಿಸೋ ಕಾರ್ಖಾನೆ ಇರೋದು ಅಲ್ಲೇ. ತಿಂಗಳಿಗೊಂದ್ಸಲ ಹೋಗ್ತೀನಿ. ಆರೂವರೆ ಬಸ್ಸು, ಹನ್ನೊಂದಕ್ಕೆಲ್ಲ ಇಳಿದಿರ್ತೀನಿ. ಕೆಲಸ ಮುಗಿಸ್ಕೊಂಡು ಸಂಜೆ ಬಸ್ಸಿಗೆ ವಾಪಸ್ಸು."

"ಒಬ್ರೇನಾ?"

"ಬಸ್ಸಲ್ಲಿ ಜನ ಇರ್ತಾರಲ್ಲ," ಅಂದು ಕೈಗವಸು ಕೊಡವಿದಳು. "ಎಡಗಡೆ ಕೂತ್ಕೊಂಡ್ರೆ ಬಿಸಿಲು ಬರಲ್ಲ."

ಅವಳು ತೊಟ್ಟಿಯನ್ನು ಕೈಗಾಡಿಯಲ್ಲಿಟ್ಟು ತಳ್ಳಿಕೊಂಡು ಹೋದಳು. ನಲ್ಲಿ ನಿಲ್ಲಿಸುವುದನ್ನೂ ಮರೆತು ನಾನು ನಿಂತಿದ್ದೆ. ನಾಲ್ಕೂವರೆ ಗಂಟೆಯ ದಾರಿ. ಒಂಬತ್ತು ವರ್ಷ ಅಡ್ಡ ಬಂದದ್ದರ ಆಚೆ ಬದಿಗೆ ಈ ಹೆಂಗಸು ತಿಂಗಳಿಗೊಮ್ಮೆ ಹೋಗಿ, ಅದೇ ರಾತ್ರಿ ಮನೆಗೆ ಬರುತ್ತಿದ್ದಳು. ಕುದಿಯುವ ಸಿಮೆಂಟು ನೋಡಿದಾಗಲೂ ನನಗೆ ಇಷ್ಟು ಬೆರಗಾಗಿರಲಿಲ್ಲ.

"ಅಕ್ಕಂಗೆ ಫೋನ್ ಮಾಡಿ ಹೇಳ್ಬಿಡೇ, ಮಳೆಗಾಲಕ್ಕೆ ಬರ್ತೀವಿ ಅಂತ," ಅಂತ ಕುರ್ಚಿಯಿಂದ ನಮ್ಮನೆಯವರು ಕೂಗಿದರು.

"ಹೂಂ," ಅಂದೆ.

ಒಳಗೆ ಹೋದೆ. ಫೋನು ಮೇಜಿನ ಮೇಲಿತ್ತು, ಮುಟ್ಟಲಿಲ್ಲ. ಅಕ್ಕನಿಗೆ ಹೇಳಿದ್ದೆಲ್ಲ ಸಾಕಷ್ಟಾಗಿತ್ತು. ಬಾಗಿಲು ತೆರೆದಾಗ ಅವಳಿಗೇ ಗೊತ್ತಾಗುತ್ತದೆ. ಮಾವನ ಮಾತ್ರೆಗಳನ್ನು ಮೂರು ದಿನಕ್ಕೆ ಆಗುವ ಹಾಗೆ ಬೆಳಿಗ್ಗೆಯದು, ರಾತ್ರಿಯದು ಅಂತ ಬೇರೆ ಬೇರೆ ಮಾಡಿಟ್ಟೆ. ವ್ಯಾನಿಗೆಂದು ಎಲ್ಲರ ಬಟ್ಟೆ ತುಂಬಿಸಿದ್ದ ದೊಡ್ಡ ಪೆಟ್ಟಿಗೆ ತೆರೆದು, ಅಡಿಯಲ್ಲಿದ್ದ ನನ್ನ ಎರಡು ಜೊತೆಯನ್ನು ಎಳೆದು ತೆಗೆದು, ಸಣ್ಣ ಚೀಲಕ್ಕೆ ಹಾಕಿದೆ. ಹೊರಗೆ ಸಮಿತಿಯಲ್ಲಿ, ಹೊಸ ಬ್ಯಾಟರಿಗೆ ದಿನಕ್ಕೆ ಯಾರು ಎಷ್ಟು ನೀರು ಹಾಕುವುದು ಎಂಬ ಚರ್ಚೆ ಶುರುವಾಗಿತ್ತು. ಅವರ ದನಿ ಏರಿದ ಒಂದು ಹೊತ್ತು ನೋಡಿ ಚೀಲದ ಜಿಪ್ಪು ಎಳೆದೆ, ಅಲಾರಂ ಐದಕ್ಕೆ ಇಟ್ಟೆ.